ಮಸೂರದ ದೋಷವೂ ದೃಶ್ಯದ ಪ್ರಮಾಣವೂ: ಲೆನ್ಸ್ ಫ್ಲೇರಿನ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

೧

ಚಲನಚಿತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಥೆಯನ್ನೂ ನಟರನ್ನೂ ನಿರ್ದೇಶಕರನ್ನೂ ಕುರಿತು ಬರೆಯುತ್ತಾರೆ. ಚಿತ್ರಕ್ಕೆ ಆಧಾರವಾದ ಬೆಳಕಿನ ಇತಿಹಾಸದತ್ತ ಅವರ ದೃಷ್ಟಿ ಹೊರಳುವುದು ಅಪರೂಪ. ಆ ಇತಿಹಾಸದಲ್ಲಿಯೂ ಅಲಕ್ಷ್ಯಕ್ಕೆ ಒಳಗಾಗಿರುವ ಒಂದು ಸಣ್ಣ ವಿಷಯವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಕ್ಯಾಮೆರಾ ಸೂರ್ಯನಿಗಾಗಲಿ ಪ್ರಖರವಾದ ದೀಪಕ್ಕಾಗಲಿ ಎದುರಾದಾಗ ಚಿತ್ರದ ಮೇಲೆ ಮಂಜಿನಂತಹ ಬೆಳಕು ಹರಡುತ್ತದೆ; ಬಣ್ಣದ ಬಿಲ್ಲೆಗಳು ಸಾಲಾಗಿ ಮೂಡುತ್ತವೆ; ದೀಪದ ಸುತ್ತ ನಕ್ಷತ್ರದ ಆಕಾರದಲ್ಲಿ ಕಿರಣಗಳು ಚಾಚುತ್ತವೆ. ಇವನ್ನೆಲ್ಲ ಒಟ್ಟಾಗಿ ಛಾಯಾಗ್ರಾಹಕರು ಲೆನ್ಸ್ ಫ್ಲೇರ್ ಎಂದು ಕರೆಯುತ್ತಾರೆ.

ಇದು ಮೂಲತಃ ಮಸೂರದ ಒಂದು ದೋಷ. ದೃಶ್ಯದಲ್ಲಿ ಇಲ್ಲದ ವಸ್ತುವನ್ನು ಚಿತ್ರದಲ್ಲಿ ತೋರಿಸುವ ಯಂತ್ರವನ್ನು ನಿರ್ದೋಷವೆನ್ನಲು ಬಾರದಷ್ಟೆ. ಆದಕಾರಣ ಸುಮಾರು ನೂರು ವರ್ಷಗಳ ಕಾಲ ದೃಗ್ವಿಜ್ಞಾನಿಗಳು ಇದನ್ನು ತೊಡೆದುಹಾಕಲು ಶ್ರಮಿಸಿದರು. ಆದರೆ ಇಂದು ಗಣಕಯಂತ್ರದ ಮುಂದೆ ಕುಳಿತು ಚಿತ್ರಗಳನ್ನು ಜೋಡಿಸುವ ಕಲಾವಿದರು, ಎಂದರೆ ಕಾಂಪೋಸಿಟಿಂಗ್ ಕೆಲಸದವರು, ಮಸೂರವೇ ಇಲ್ಲದ ಕಡೆ ಇದೇ ದೋಷವನ್ನು ಲೆಕ್ಕ ಹಾಕಿ ಸೃಷ್ಟಿಸುತ್ತಿದ್ದಾರೆ. ಫ್ಲೇರ್ ಇಲ್ಲದ ಕೃತಕ ದೃಶ್ಯವನ್ನು ನೋಡುಗರು ನಂಬುವುದು ಕಷ್ಟವೆಂಬುದು ಅವರ ಅನುಭವ. ದೋಷವೇ ಸತ್ಯದ ಪ್ರಮಾಣವಾದ ಈ ವಿಪರ್ಯಾಸ ಹೇಗೆ ಸಂಭವಿಸಿತು, ಅದರಲ್ಲಿ ಕನ್ನಡ ನಾಡಿನವರ ಪಾತ್ರವೇನು, ಈ ಕೆಲಸವನ್ನು ಕಲಿಯುವವರಿಗೆ ಅದರಿಂದ ದೊರೆಯುವ ಪಾಠವೇನು ಎಂಬುದು ನಮ್ಮ ಪ್ರಶ್ನೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಸಹಜವಾಗಿ ಕಾಣುವ ಫ್ಲೇರ್ ಎಂಬುದು ಪ್ರಕೃತಿಯ ಅನುಕರಣೆಯಲ್ಲ. ಅದು ಒಂದು ಯಂತ್ರದ ನೆನಪು. ಯಾವ ಕಾಲದ, ಯಾವ ಮಸೂರದ ನೆನಪು ಎಂಬುದನ್ನು ತಿಳಿಯದೆ ಹಾಕಿದ ಫ್ಲೇರು ಎಷ್ಟು ಹೊಳೆದರೂ ಸುಳ್ಳಾಗಿಯೇ ಉಳಿಯುತ್ತದೆ. ಆದುದರಿಂದ ಈ ಕೆಲಸದಲ್ಲಿ ತೊಡಗಿದವನು ಅರಿತೋ ಅರಿಯದೆಯೋ ಇತಿಹಾಸಕಾರನ ಕೆಲಸವನ್ನು ಮಾಡುತ್ತಿರುತ್ತಾನೆ.

೨

ವಿಷಯದ ಇತಿಹಾಸಕ್ಕೆ ಹೋಗುವ ಮುನ್ನ ಅದರ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಫ್ಲೇರ್ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಘಟನೆಗಳು ಸೇರಿಕೊಂಡಿವೆ.

ಮೊದಲನೆಯದು ಮಸೂರದ ಒಳಗಿನ ಪ್ರತಿಫಲನ. ಸಾಮಾನ್ಯ ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ೪ ಪಾಲು ಒಳಹೋಗದೆ ಹಿಂದಿರುಗುತ್ತದೆ. ಕ್ಯಾಮೆರಾದ ಮಸೂರವು ಒಂದೇ ಗಾಜಲ್ಲ; ಹಲವು ಗಾಜುಗಳ ಸಮೂಹ. ಹಿಂದಿರುಗಿದ ಬೆಳಕು ಮುಂದಿನ ಗಾಜಿನ ಹಿಂಬದಿಗೆ ತಗುಲಿ ಮತ್ತೆ ತಿರುಗಿ, ಕೊನೆಗೆ ಫಿಲ್ಮಿನ ಮೇಲೆ ಬೀಳುತ್ತದೆ. ಹೀಗೆ ಎರಡು ಬಾರಿ ತಿರುಗಿದ ಬೆಳಕಿನಿಂದ ಹುಟ್ಟುವ ಬಿಲ್ಲೆಗೆ ಕೆಲಸಗಾರರ ಮಾತಿನಲ್ಲಿ ಘೋಸ್ಟ್ ಎಂದು ಹೆಸರು. ಗಾಜು ಗಾಳಿಗೆ ತಾಗುವ ಮೇಲ್ಮೈಗಳು ೧೦ ಇದ್ದರೆ ಅವುಗಳಲ್ಲಿ ಎರಡೆರಡನ್ನು ಆರಿಸಿಕೊಳ್ಳುವ ಬಗೆಗಳು ೪೫; ೨೦ ಇದ್ದರೆ ೧೯೦. ಅಷ್ಟು ಘೋಸ್ಟುಗಳಿಗೆ ಅವಕಾಶವಿದೆ ಎಂದಾಯಿತು. ಪ್ರತಿಯೊಂದರ ಬೆಳಕೂ ಮೂಲದ ೬೨೫ನೆಯ ಒಂದು ಪಾಲಿನಷ್ಟು ಮಾತ್ರ. ಇದು ಅಲ್ಪವೆಂದು ತೋರಬಹುದು. ಆದರೆ ಸೂರ್ಯಬಿಂಬವು ಬಿಸಿಲಿನಲ್ಲಿಟ್ಟ ಬಿಳಿಯ ಕಾಗದಕ್ಕಿಂತ ಹತ್ತಾರು ಸಾವಿರ ಪಟ್ಟು ಪ್ರಕಾಶವುಳ್ಳದ್ದೆಂಬುದನ್ನು ನೆನೆದರೆ ಆ ಅಲ್ಪವೂ ಕಣ್ಣಿಗೆ ಬೀಳಲು ಸಾಕು.

ಎರಡನೆಯದು ಮುಸುಕುಬೆಳಕು. ಮಸೂರದ ಮೇಲಿನ ಧೂಳು, ಗೀರು, ಬೆರಳಿನ ಗುರುತು, ಕ್ಯಾಮೆರಾದ ಒಳಗೋಡೆ ಇವುಗಳಿಂದ ಚದುರಿದ ಬೆಳಕು ಚಿತ್ರದ ಮೇಲೆಲ್ಲ ತೆಳುವಾಗಿ ಹರಡಿ ಕಪ್ಪನ್ನು ಬೂದುಬಣ್ಣಕ್ಕೆ ತಿರುಗಿಸುತ್ತದೆ. ಮೂರನೆಯದು ನಕ್ಷತ್ರಾಕಾರ. ಬೆಳಕನ್ನು ಹೆಚ್ಚು ಕಡಮೆ ಮಾಡುವ ದ್ವಾರದ ಅಲಗುಗಳ ಅಂಚಿನಲ್ಲಿ ಬೆಳಕು ಬಾಗಿ ಹರಿಯುವುದರಿಂದ, ಎಂದರೆ ವಿವರ್ತನೆಯಿಂದ, ಇದು ಉಂಟಾಗುತ್ತದೆ. ಅಲಗುಗಳ ಸಂಖ್ಯೆ ಸಮವಾಗಿದ್ದರೆ ಕಿರಣಗಳೂ ಅಷ್ಟೇ. ವಿಷಮವಾಗಿದ್ದರೆ ಅದರ ಇಮ್ಮಡಿ. ೬ ಅಲಗಿಗೆ ೬ ಕಿರಣ. ೭ ಅಲಗಿಗೆ ೧೪. ಘೋಸ್ಟುಗಳ ಆಕಾರವೂ ಅನೇಕ ವೇಳೆ ಈ ದ್ವಾರದ ಆಕಾರವೇ ಆಗಿರುತ್ತದೆ. ಷಟ್ಕೋನದ ಬಿಲ್ಲೆಗಳನ್ನು ನಾವು ಎಷ್ಟೋ ಚಿತ್ರಗಳಲ್ಲಿ ಕಾಣುವುದು ಇದರಿಂದಲೇ.

ಈ ಮೂರರೊಡನೆ ಬೆರೆಸಬಾರದ ಇನ್ನೆರಡು ಸಂಗತಿಗಳುಂಟು. ಧೂಳು ಅಥವಾ ಹೊಗೆ ತುಂಬಿದ ಗಾಳಿಯಲ್ಲಿ ಕಾಣುವ ಬಿಸಿಲುಕೋಲು ಒಂದು. ಅದು ಮಸೂರಕ್ಕೆ ಹೊರಗಿನದು, ಎದುರಿಗಿದ್ದವರ ಕಣ್ಣಿಗೂ ಕಾಣುವಂಥದು. ಬರಿಗಣ್ಣಿಗೆ ದೀಪದ ಸುತ್ತ ಕಾಣುವ ಪ್ರಭಾವಲಯ ಇನ್ನೊಂದು. ಅದು ಕಣ್ಣಿನೊಳಗೇ ಹುಟ್ಟುವಂಥದು. ೧೯೩೩ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದ ಸರ್ ಸಿ. ವಿ. ರಾಮನ್ನರು ಅದಕ್ಕೆ ಬಹು ಮುಂಚೆ, ೧೯೧೯ರಲ್ಲಿಯೇ, ಕಣ್ಣಿನ ಮಾಧ್ಯಮದಲ್ಲಿ ಬೆಳಕು ಚದುರುವುದನ್ನು ಕುರಿತು ಬರೆದಿದ್ದರು. ಗಾಳಿ, ಕಣ್ಣು, ಮಸೂರ ಎಂಬ ಈ ಮೂರು ಸ್ಥಾನಗಳ ವಿವೇಚನೆಯೇ ಮುಂದಿನ ಚರ್ಚೆಗೆಲ್ಲ ಆಧಾರ.

ಈ ವಿವೇಚನೆಗೆ ಪ್ರಯೋಗಶಾಲೆ ಬೇಕಾಗಿಲ್ಲ. ಬೆಂಗಳೂರಿನ ವಿದ್ಯಾರ್ಥಿಗೆ ವಿಲ್ಸನ್ ಗಾರ್ಡನ್ ಬಡಾವಣೆಯ ಪಕ್ಕದ ಹೊಸೂರು ರಸ್ತೆಯೇ ಸಾಕು. ಸೂರ್ಯನು ಲಾಲ್‌ಬಾಗಿನ ಮರಗಳ ಹಿಂದೆ ಇಳಿದು, ಎದುರಿನಿಂದ ಬರುವ ಬಸ್ಸುಗಳ ದೀಪ ಹೊತ್ತಿದ ಮೇಲೆ, ಪಾದಚಾರಿ ಮಾರ್ಗದಲ್ಲಿ ನಿಂತು ಒಂದು ದೀಪವನ್ನು ಮೊದಲು ಬರಿಗಣ್ಣಿನಿಂದ ನೋಡಬೇಕು. ಅದರ ಸುತ್ತ ಎಳೆ ಎಳೆಯಾದ ಕಿರಣಗಳು ಕಾಣುವುವು. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಅವೂ ಜೊತೆಯಲ್ಲಿ ವಾಲುವುವು. ಅವು ಕಣ್ಣಿನ ಸೊತ್ತು. ಅನಂತರ ಅದೇ ದೀಪವನ್ನು ಮೊಬೈಲ್ ದೂರವಾಣಿಯ ಕ್ಯಾಮೆರಾದಲ್ಲಿ ನೋಡಬೇಕು. ದೀಪವು ಚೌಕಟ್ಟಿನ ಎಡಮೇಲ್ಭಾಗದಲ್ಲಿದ್ದರೆ ಬಲಕೆಳಭಾಗದಲ್ಲಿ, ಮಧ್ಯಬಿಂದುವಿನಿಂದ ಅಷ್ಟೇ ದೂರದಲ್ಲಿ, ಮಂಕಾದ ಹಸುರು ಚುಕ್ಕೆಯೊಂದು ಅನೇಕ ವೇಳೆ ತೋರುವುದು. ದೂರವಾಣಿಯನ್ನು ಮೆಲ್ಲನೆ ತಿರುಗಿಸಿದರೆ ದೀಪ ಒಂದು ದಿಕ್ಕಿಗೂ ಚುಕ್ಕೆ ಅದರ ವಿರುದ್ಧ ದಿಕ್ಕಿಗೂ ಚಲಿಸುವುವು. ಇದು ಮಸೂರದ ಸೊತ್ತು. ಈ ವಿರುದ್ಧ ಚಲನೆಯನ್ನು ಒಮ್ಮೆ ಕಂಡವನು ಗಣಕದಲ್ಲಿ ಮಾಡಿದ ಕಳಪೆ ಫ್ಲೇರನ್ನು ಗುರುತಿಸಲು ಅರ್ಧ ಕಲಿತಂತೆಯೇ ಸರಿ.

೩

ಫ್ಲೇರನ್ನು ಅಡಗಿಸುವ ಪ್ರಯತ್ನದ ಇತಿಹಾಸವು ಒಂದು ಆಕಸ್ಮಿಕದಿಂದ ತೊಡಗುತ್ತದೆ. ಹಳೆಯದಾಗಿ ಮಾಸಿದ ಗಾಜು ಹೊಸ ಗಾಜಿಗಿಂತ ಹೆಚ್ಚು ಬೆಳಕನ್ನು ಒಳಬಿಡುವುದನ್ನು ಲಾರ್ಡ್ ರ್ಯಾಲೆಯವರು ೧೮೮೬ರಲ್ಲಿ ಗಮನಿಸಿದರು. ಇಂಗ್ಲೆಂಡಿನ ಮಸೂರತಜ್ಞ ಡೆನ್ನಿಸ್ ಟೇಲರ್ ೧೮೯೦ರ ದಶಕದಲ್ಲಿ ಅದನ್ನೇ ಕಂಡು, ಗಾಜನ್ನು ಬೇಕೆಂದೇ ಮಾಸುವಂತೆ ಮಾಡುವ ವಿಧಾನಕ್ಕೆ ೧೯೦೪ರಲ್ಲಿ ಪೇಟೆಂಟ್ ಪಡೆದರು. ಜರ್ಮನಿಯ ಜೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ ೧೯೩೫ರಲ್ಲಿ ನಿರ್ವಾತದಲ್ಲಿ ಗಾಜಿಗೆ ಅತಿ ತೆಳುವಾದ ಲೇಪವನ್ನು ಕೊಡುವ ಕ್ರಮವನ್ನು ಸಾಧಿಸಿದರು. ಲೇಪದ ಮೇಲಿನಿಂದಲೂ ಕೆಳಗಿನಿಂದಲೂ ಹಿಂದಿರುಗುವ ಬೆಳಕಿನ ಅಲೆಗಳು ಪರಸ್ಪರ ವಿರುದ್ಧವಾಗಿ ಕೂಡಿ ಒಂದನ್ನೊಂದು ಅಳಿಸುತ್ತವೆ ಎಂಬುದು ಇದರ ತತ್ತ್ವ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ರಹಸ್ಯವಾಗಿದ್ದ ಈ ಲೇಪವು ಯುದ್ಧಾನಂತರ ಛಾಯಾಗ್ರಹಣದಲ್ಲಿ ಸಾರ್ವತ್ರಿಕವಾಯಿತು. ೧೯೭೦ರ ದಶಕದಲ್ಲಿ ಬಹುಪದರದ ಲೇಪಗಳು ಬಳಕೆಗೆ ಬಂದುವು.

ಇದರ ಫಲವೇನೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ೨೦ ಮೇಲ್ಮೈಗಳ ಮಸೂರಕ್ಕೆ ಲೇಪವಿಲ್ಲದಿದ್ದರೆ ಒಳಬಂದ ಬೆಳಕಿನಲ್ಲಿ ನೂರಕ್ಕೆ ೪೪ ಪಾಲು ಮಾತ್ರ ನೇರವಾಗಿ ದಾಟುತ್ತದೆ. ಪ್ರತಿಯೊಂದು ಮೇಲ್ಮೈಯ ಪ್ರತಿಫಲನವನ್ನು ಅರ್ಧ ಪಾಲಿಗೆ ಇಳಿಸಿದರೆ ೯೦ ಪಾಲು ದಾಟುತ್ತದೆ. ಘೋಸ್ಟಿನ ಬೆಳಕು ೬೨೫ರಲ್ಲಿ ಒಂದು ಪಾಲಿದ್ದುದು ೪೦,೦೦೦ದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಲೇಪವಿಲ್ಲದೆ ಇಷ್ಟು ಗಾಜುಗಳ ಮಸೂರವನ್ನು ಬಳಸುವುದೇ ದುಸ್ಸಾಧ್ಯವಾಗಿತ್ತು. ಅದು ಸಾಧ್ಯವಾದೊಡನೆ ಅನೇಕ ಗಾಜುಗಳುಳ್ಳ ಜೂಮ್ ಮಸೂರಗಳು ಬಂದುವು; ಗಾಜುಗಳು ಹೆಚ್ಚಿದಂತೆ ಫ್ಲೇರು ಮತ್ತೆ ಹೊಸ ರೂಪದಲ್ಲಿ ಕಾಣಿಸಿಕೊಂಡಿತು. ಲೇಪದ ಬಣ್ಣ ಘೋಸ್ಟುಗಳಿಗೂ ಹತ್ತಿ, ಅವು ನೇರಳೆ, ಹಸುರು, ಹೊಂಬಣ್ಣಗಳನ್ನು ತಾಳಿದುವು.

ಇದೇ ಹೊತ್ತಿಗೆ ಅಭಿರುಚಿಯೂ ಬದಲಾಗುತ್ತಿತ್ತು. ಕ್ಯಾಮೆರಾವನ್ನು ಸೂರ್ಯನಿಗೆ ಹಿಡಿಯಬಾರದೆಂಬುದು ಹಳೆಯ ನಿಯಮ. ೧೯೫೦ರ ಜಪಾನೀ ಚಿತ್ರ ‘ರಾಶೋಮಾನ್’ನಲ್ಲಿ ಛಾಯಾಗ್ರಾಹಕ ಕಾಜುವೊ ಮಿಯಾಗಾವಾ ಕಾಡಿನ ಎಲೆಗಳ ನಡುವಿನಿಂದ ನೇರವಾಗಿ ಸೂರ್ಯನನ್ನೇ ಚಿತ್ರಿಸಿದರು. ಅಮೆರಿಕದಲ್ಲಿ ‘ಕೂಲ್ ಹ್ಯಾಂಡ್ ಲ್ಯೂಕ್’ (೧೯೬೭) ಚಿತ್ರದಲ್ಲಿ ಕಾನ್ರಾಡ್ ಹಾಲ್, ‘ಈಸಿ ರೈಡರ್’ (೧೯೬೯) ಚಿತ್ರದಲ್ಲಿ ಲಾಸ್ಲೊ ಕೊವಾಕ್ಸ್ ಮಸೂರದ ಮೇಲೆ ಬಿಸಿಲು ಹೊಡೆದ ಚಿತ್ರಗಳನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡರು. ಸ್ಟುಡಿಯೋ ಬಿಟ್ಟು ಬಯಲಿಗೆ ಬಂದ ಕ್ಯಾಮೆರಾ ನಿಜವಾಗಿಯೂ ಅಲ್ಲಿತ್ತೆಂಬುದಕ್ಕೆ ಫ್ಲೇರು ಸಾಕ್ಷಿಯಾಯಿತು. ದೋಷವು ಪ್ರಮಾಣದ ಪದವಿಗೆ ಏರಿದ ಘಟ್ಟ ಇದೇ ಎಂದು ನಾವು ಎಣಿಸುತ್ತೇವೆ. ಸಾಕ್ಷ್ಯವೆಂದು ಸ್ವೀಕೃತವಾದುದನ್ನು ಮುಂದೆ ಯಾರಾದರೂ ಕೃತಕವಾಗಿ ಒದಗಿಸದೆ ಬಿಡುವುದಿಲ್ಲ. ಶಾಸನಗಳ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿಯೇ.

೪

ಈಗ ಕನ್ನಡ ನಾಡಿಗೆ ಬರೋಣ. ೧೯೪೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಹೆಸರಿನ ವೃತ್ತಿಶಿಕ್ಷಣ ಸಂಸ್ಥೆ, ಎಂದರೆ ಮುಂದೆ ಎಸ್. ಜೆ. ಪಾಲಿಟೆಕ್ನಿಕ್ ಎಂದು ಹೆಸರಾದುದು, ಚಲನಚಿತ್ರ ಛಾಯಾಗ್ರಹಣವನ್ನು ಶಾಸ್ತ್ರವಾಗಿ ಕಲಿಸಿದ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಒಂದು. ಆ ಶಿಕ್ಷಣ ಕಾಲಕ್ರಮದಲ್ಲಿ ಹೆಸರುಘಟ್ಟದ ಸರ್ಕಾರಿ ಸಂಸ್ಥೆಗೆ ಸಾಗಿತು. ಛಾಯಾಗ್ರಹಣದ ಮೊದಲ ತಂಡದಲ್ಲಿ ಕಲಿತು ೧೯೪೬ರಲ್ಲಿ ಹೊರಬಂದವರು ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು. ಪಿಟೀಲು ವಾದನವನ್ನೂ ಬಲ್ಲ ಈ ತರುಣರು ಮುಂಬಯಿಗೆ ಹೋಗಿ, ‘ಬಾಜಿ’ (೧೯೫೧) ಚಿತ್ರದಲ್ಲಿ ಸಹಾಯಕರಾಗಿದ್ದಾಗ ಗುರುದತ್ತರ ಗಮನಕ್ಕೆ ಬಂದರು. ‘ಜಾಲ್’ (೧೯೫೨) ಚಿತ್ರದಿಂದ ಅವರ ಛಾಯಾಗ್ರಾಹಕರಾದರು. ಗುರುದತ್ತರ ಬಾಲ್ಯ ಬೆಂಗಳೂರಿನಲ್ಲಿಯೇ ಆರಂಭವಾದುದೆಂಬುದನ್ನು ಇಲ್ಲಿ ನೆನೆಯಬಹುದು.

೧೯೫೯ರ ‘ಕಾಗಜ್ ಕೇ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿನ ಒಂದು ಹಾಡಿನ ಸನ್ನಿವೇಶದಲ್ಲಿ ಕತ್ತಲು ತುಂಬಿದ ಸ್ಟುಡಿಯೋದ ಎತ್ತರದಿಂದ ಬೆಳಕಿನ ದಪ್ಪ ಕಂಬವೊಂದು ಓರೆಯಾಗಿ ಇಳಿಯುತ್ತದೆ. ಅದನ್ನು ಮೂರ್ತಿಯವರು ಸಾಧಿಸಿದುದು ದೀಪದಿಂದಲ್ಲ, ಕನ್ನಡಿಗಳಿಂದ. ಹೊರಗೆ ಬಿಸಿಲಿನಲ್ಲಿಟ್ಟ ದೊಡ್ಡ ಕನ್ನಡಿಯೊಂದು ಸೂರ್ಯನ ಬೆಳಕನ್ನು ಒಳಕ್ಕೆ ಕಳುಹಿಸಿತು. ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿ ಅದನ್ನು ಕೆಳಕ್ಕೆ ತಿರುಗಿಸಿತು. ಹರಡಿದ್ದ ಹೊಗೆ ಅದನ್ನು ಕಣ್ಣಿಗೆ ಕಾಣಿಸಿತು. ದೀಪದಿಂದ ಅದೇ ಫಲ ಏಕೆ ದೊರೆಯಲಾರದೆಂಬುದಕ್ಕೆ ಕಾರಣ ಸರಳವಾಗಿದೆ. ಹತ್ತಿರದ ದೀಪದ ಕಿರಣಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಹದಿನೈದು ಕೋಟಿ ಕಿಲೋಮೀಟರು ದೂರದ ಸೂರ್ಯನ ಕಿರಣಗಳು ಬಹುತೇಕ ಸಮಾನಾಂತರವಾಗಿ ಬರುತ್ತವೆ. ಆ ಕಂಬದ ನೇರವಾದ ಅಂಚುಗಳೇ ಅದು ಬಿಸಿಲೆಂಬುದನ್ನು ಸಾರುತ್ತವೆ. ಮೂರ್ತಿಯವರ ಜೀವನವನ್ನು ಕುರಿತು ಉಮಾರಾವ್ ಅವರು ಕನ್ನಡದಲ್ಲಿ ಬರೆದ ಪುಸ್ತಕಕ್ಕೆ ‘ಬಿಸಿಲುಕೋಲು’ ಎಂದು ಹೆಸರಿಟ್ಟಿರುವುದು ಉಚಿತವಾಗಿಯೇ ಇದೆ.

ನಾವು ಮೇಲೆ ಮಾಡಿದ ವಿಭಾಗದಂತೆ ಈ ಬೆಳಕಿನ ಕಂಬ ಫ್ಲೇರ್ ಅಲ್ಲ. ಅದು ಗಾಳಿಯಲ್ಲಿದೆ, ಮಸೂರದಲ್ಲಿಲ್ಲ. ಹೀಗಿದ್ದೂ ಅದನ್ನು ಇಲ್ಲಿ ಪ್ರಸ್ತಾಪಿಸಲು ಎರಡು ಕಾರಣಗಳಿವೆ. ಇಂದಿನ ತಂತ್ರಾಂಶಗಳಲ್ಲಿ ಬೆಳಕಿನ ಕಂಬವನ್ನೂ ಫ್ಲೇರನ್ನೂ ಒಂದೇ ಪೆಟ್ಟಿಗೆಯ ಸಾಮಾನುಗಳೆಂಬಂತೆ ಬಳಸುವ ರೂಢಿಯುಂಟು. ಒಂದು ಬಿಂದುವಿನಿಂದ ಸುತ್ತಲೂ ಚೆಲ್ಲುವ ಕಿರಣಗಳನ್ನು ಹಾಕಿ ಬಿಸಿಲೆಂದು ತೋರಿಸಹೊರಟರೆ ಮೂರ್ತಿಯವರು ಕನ್ನಡಿ ಹಿಡಿದು ತಪ್ಪಿಸಿಕೊಂಡ ತಪ್ಪಿನಲ್ಲಿಯೇ ಸಿಕ್ಕಿಬಿದ್ದಂತಾಗುತ್ತದೆ. ಎರಡನೆಯದಾಗಿ, ಸಿನಿಮಾಸ್ಕೋಪಿನ ಮಸೂರವೇ ಫ್ಲೇರಿನ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯ. ಫ್ರಾನ್ಸಿನ ಆಂರಿ ಕ್ರೆತ್ಯೆನ್ ೧೯೨೦ರ ದಶಕದಲ್ಲಿ ರೂಪಿಸಿದ, ೧೯೫೩ರ ‘ದಿ ರೋಬ್’ ಚಿತ್ರದಿಂದ ವ್ಯಾಪಕವಾದ ಈ ಅನಾಮಾರ್ಫಿಕ್ ಮಸೂರದಲ್ಲಿ ಕೊಳವೆಯ ಮೈಯಂತೆ ಒಂದೇ ದಿಕ್ಕಿನಲ್ಲಿ ಬಾಗಿದ ಗಾಜುಗಳಿರುತ್ತವೆ. ಅವು ಅಗಲವಾದ ದೃಶ್ಯವನ್ನು ಅಡ್ಡಕ್ಕೆ ಒತ್ತಿ ಫಿಲ್ಮಿನಲ್ಲಿ ಹಿಡಿಸುತ್ತವೆ; ಪ್ರದರ್ಶನದಲ್ಲಿ ಅದು ಮತ್ತೆ ಹಿಗ್ಗುತ್ತದೆ. ಅಂಥ ಮಸೂರದಲ್ಲಿ ದೀಪ ಬಿದ್ದಾಗ ಚಿತ್ರದ ಉದ್ದಕ್ಕೂ ಅಡ್ಡಲಾಗಿ ಒಂದು ಗೆರೆ, ಬಹುಮಟ್ಟಿಗೆ ನೀಲಿಯದು, ಎಳೆದಂತೆ ಮೂಡುತ್ತದೆ. ಇಂದು ಯಾವುದೇ ದೃಶ್ಯಕ್ಕೆ ‘ಸಿನಿಮಾದ ಕಳೆ’ ಬರಬೇಕೆಂದರೆ ಹಾಕುವ ನೀಲಿಗೆರೆಯ ಮೂಲ ಇದು. ೨೦೦೯ರ ‘ಸ್ಟಾರ್ ಟ್ರೆಕ್’ ಚಿತ್ರದ ಅನಂತರ ಅದರ ಬಳಕೆ ಅತಿಯಾಯಿತೆಂಬ ಆಕ್ಷೇಪವೂ ಬಂದಿತು.

ಮೂರ್ತಿಯವರಿಗೆ ೨೦೦೮ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು; ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ಅವರು ೨೦೧೪ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅದೇ ಪಾಲಿಟೆಕ್ನಿಕ್ಕಿನಲ್ಲಿ ೧೯೬೨ರಲ್ಲಿ ಶಿಕ್ಷಣ ಮುಗಿಸಿದ ಗೋವಿಂದ ನಿಹಲಾನಿಯವರು ಮೂರ್ತಿಯವರ ಸಹಾಯಕರಾಗಿದ್ದು, ಮುಂದೆ ಗಿರೀಶ ಕಾರ್ನಾಡರ ‘ಕಾಡು’ (೧೯೭೩) ಚಿತ್ರಕ್ಕೆ ಛಾಯಾಗ್ರಾಹಕರಾದರು. ಕನ್ನಡಿ ಹಿಡಿಯುವ ಕೈಯಿಂದ ಕೈಗೆ ವಿದ್ಯೆ ಸಾಗಿದ ಬಗೆ ಹೀಗೆ.

೫

ಒಂದೇ ಚೌಕಟ್ಟಿನಲ್ಲಿ ಬೇರೆ ಬೇರೆ ಚಿತ್ರಗಳನ್ನು ಕೂಡಿಸುವ ಕಲೆ ಗಣಕಕ್ಕಿಂತ ಬಹಳ ಹಳೆಯದು. ‘ಬಭ್ರುವಾಹನ’ (೧೯೭೭) ಚಿತ್ರದಲ್ಲಿ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ಡಾ. ರಾಜಕುಮಾರರು ಎದುರುಬದುರು ನಿಂತುದನ್ನು ಕನ್ನಡಿಗರು ಮರೆತಿಲ್ಲ. ಫಿಲ್ಮಿನ ಕಾಲದ ಇಂಥ ದ್ವಿಪಾತ್ರದ ದೃಶ್ಯಗಳಿಗೆ ಇದ್ದ ಮುಖ್ಯ ಉಪಾಯವೆಂದರೆ ಚೌಕಟ್ಟಿನ ಒಂದು ಭಾಗವನ್ನು ಮುಚ್ಚಿ ಚಿತ್ರಿಸಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನೊಂದು ಭಾಗದಲ್ಲಿ ಮತ್ತೆ ಚಿತ್ರಿಸುವುದು. ಮುಚ್ಚದೆ ಎರಡು ಬಾರಿ ಚಿತ್ರಿಸಿದರೆ ಬೆಳಕಿನ ಮೇಲೆ ಬೆಳಕು ಕೂಡುತ್ತದೆ. ಮರೆಮಾಡುವುದು, ಕೂಡಿಸುವುದು ಎಂಬ ಈ ಎರಡು ಕ್ರಿಯೆಗಳನ್ನೇ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು ೧೯೮೪ರಲ್ಲಿ ಬೀಜಗಣಿತದ ಸೂತ್ರಗಳಾಗಿ ನಿರೂಪಿಸಿದರು. ಡಿಜಿಟಲ್ ಡೊಮೇನ್ ಸಂಸ್ಥೆಯಲ್ಲಿ ೧೯೯೩ರಲ್ಲಿ ಹುಟ್ಟಿ ಇಂದು ಲೋಕವ್ಯಾಪಕವಾಗಿರುವ ನ್ಯೂಕ್ ಎಂಬ ತಂತ್ರಾಂಶಕ್ಕೂ ಅವೇ ತಳಹದಿ. ಫ್ಲೇರಿಗೆಂದೇ ಜಾನ್ ನೋಲ್ ಅವರ ಲೈಟ್ ಫ್ಯಾಕ್ಟರಿ, ಆಂಡ್ರ್ಯೂ ಕ್ರೇಮರ್ ಅವರ ಆಪ್ಟಿಕಲ್ ಫ್ಲೇರ್ಸ್ ಮುಂತಾದ ಉಪತಂತ್ರಾಂಶಗಳು ಬಂದುವು. ೨೦೧೧ರಲ್ಲಿ ಮತಿಯಾಸ್ ಹುಲಿನ್ ಮತ್ತು ಅವರ ಸಹೋದ್ಯೋಗಿಗಳು ನಿಜವಾದ ಮಸೂರದ ನಕ್ಷೆಯನ್ನೇ ತೆಗೆದುಕೊಂಡು, ಅದರೊಳಗೆ ಬೆಳಕು ತಿರುಗುವ ದಾರಿಗಳನ್ನು ಕ್ಷಣದಲ್ಲಿ ಗಣಿಸುವ ವಿಧಾನವನ್ನು ಪ್ರಕಟಿಸಿದರು.

ಉಪಕರಣಗಳು ಹೀಗೆ ಹೇರಳವಾಗಿದ್ದರೂ ಫ್ಲೇರು ಸಹಜವಾಗುವುದು ಕೆಲವು ನಿಯಮಗಳಿಂದ. ಅವೆಲ್ಲವೂ ಒಂದೇ ತತ್ತ್ವದ ಕವಲುಗಳು: ಪ್ರಕೃತಿಯಲ್ಲಿ ಘಟನೆಗಳು ಯಾವ ಕ್ರಮದಲ್ಲಿ ನಡೆದುವೋ ಗಣಕದಲ್ಲಿಯೂ ಅದೇ ಕ್ರಮದಲ್ಲಿ ನಡೆಯಬೇಕು. ಮೊದಲು ವಸ್ತು, ಬಳಿಕ ಗಾಳಿ ಮತ್ತು ಹೊಗೆ, ಅದರ ಬಳಿಕ ಮಸೂರ, ಕಡೆಗೆ ಫಿಲ್ಮು. ಬಿಸಿಲುಕೋಲು ಎರಡನೆಯ ಘಟ್ಟಕ್ಕೆ, ಫ್ಲೇರು ಮೂರನೆಯ ಘಟ್ಟಕ್ಕೆ, ಫಿಲ್ಮಿನ ಕಣಗಳು ನಾಲ್ಕನೆಯ ಘಟ್ಟಕ್ಕೆ ಸೇರಿದುವು. ಆದಕಾರಣ ಕಣಗಳು ಫ್ಲೇರಿನ ಮೇಲೆಯೂ ಕಾಣಬೇಕು. ಕಣಗಳಿರುವ ಚಿತ್ರದ ಮೇಲೆ ನುಣುಪಾದ ಫ್ಲೇರನ್ನು ಅಂಟಿಸಿದರೆ, ಹಳೆಯ ಕಡತದ ನಡುವೆ ಹೊಸ ಕಾಗದದ ಹಾಳೆಯನ್ನು ಸೇರಿಸಿದಂತೆ, ಕಪಟ ಬಯಲಾಗುತ್ತದೆ.

ಎರಡನೆಯ ನಿಯಮ ಕೂಡಿಕೆಯದು. ಫ್ಲೇರು ಏನನ್ನೂ ಮರೆಮಾಡುವುದಿಲ್ಲ. ಇರುವ ಬೆಳಕಿಗೆ ಬೆಳಕನ್ನು ಸೇರಿಸುತ್ತದೆ. ಆದರೆ ಕೂಡಿಸುವ ಅಂಕಿಗಳು ನಿಜವಾದ ಬೆಳಕಿನ ಪ್ರಮಾಣವನ್ನು ಹೇಳುವಂತಿರಬೇಕು. ಪ್ರದರ್ಶನಕ್ಕಾಗಿ ಸಿದ್ಧಪಡಿಸಿದ ಚಿತ್ರದಲ್ಲಿ ಅರ್ಧವೆಂದು ಗುರುತಾಗಿರುವ ಬೂದುಬಣ್ಣದಲ್ಲಿ ವಾಸ್ತವವಾಗಿ ಇರುವುದು ಪೂರ್ಣ ಬೆಳಕಿನ ಸುಮಾರು ಐದನೆಯ ಒಂದು ಪಾಲು. ಅಂಥ ಎರಡು ಅರ್ಧಗಳನ್ನು ಕುರುಡಾಗಿ ಕೂಡಿಸಿದರೆ ಅಚ್ಚಬಿಳುಪು ಬರುತ್ತದೆ. ನಿಸರ್ಗದಲ್ಲಿ ಬರಬೇಕಾದುದು ಐದರಲ್ಲಿ ಎರಡು ಪಾಲು ಮಾತ್ರ. ಫ್ಲೇರು ಸುಣ್ಣ ಬಳಿದಂತೆ ಕಾಣುವುದಕ್ಕೆ ಅನೇಕ ವೇಳೆ ಈ ಲೆಕ್ಕದ ತಪ್ಪೇ ಕಾರಣ.

ಮೂರನೆಯದು ಸ್ಥಾನ ಮತ್ತು ಕಾಲ. ದುಂಡನೆಯ ಮಸೂರದ ಘೋಸ್ಟುಗಳು ದೀಪದಿಂದ ಚೌಕಟ್ಟಿನ ಮಧ್ಯಬಿಂದುವಿನ ಮೂಲಕ ಹಾಯುವ ಸರಳರೇಖೆಯ ಮೇಲೆಯೇ ಇರಬೇಕು. ಒಂದೊಂದು ಒಂದೊಂದು ವೇಗದಲ್ಲಿ ಚಲಿಸಬೇಕು. ದೀಪದ ಮುಂದೆ ಮರದ ಕೊಂಬೆ ಹಾದರೆ ಫ್ಲೇರು ಒಮ್ಮೆಲೆ ಆರದೆ, ಬಿಂಬ ಮುಚ್ಚಿದಷ್ಟು ಮಾತ್ರ ಕುಂದಬೇಕು. ದೀಪ ಚೌಕಟ್ಟಿನ ಹೊರಗೆ ಸರಿದ ಮೇಲೂ ಮಸೂರದ ಮೇಲೆ ಅದರ ಬೆಳಕು ಬೀಳುತ್ತಿರುವವರೆಗೆ ಮುಸುಕು ಉಳಿಯಬೇಕು. ನಾಲ್ಕನೆಯದು ಅಪೂರ್ಣತೆ. ನಿಜವಾದ ಮಸೂರದಲ್ಲಿ ಧೂಳಿದೆ, ಲೇಪ ಒಂದೇ ಸಮನಾಗಿಲ್ಲ, ಬಿಲ್ಲೆಗಳ ಅಂಚು ಒಂದು ಕಡೆ ಕತ್ತರಿಸಿದಂತಿರುತ್ತದೆ. ಈ ಅಪೂರ್ಣತೆಯನ್ನು ಪಡೆಯಲು ಕೆಲವು ಕೆಲಸಗಾರರು ಕತ್ತಲಕೋಣೆಯಲ್ಲಿ ಕಪ್ಪುಬಟ್ಟೆಯ ಮುಂದೆ ಟಾರ್ಚನ್ನು ಆಡಿಸಿ ನಿಜವಾದ ಮಸೂರದಿಂದ ಚಿತ್ರಿಸಿಕೊಳ್ಳುತ್ತಾರೆ. ಕಪ್ಪನ್ನು ಕೂಡಿಸಿದರೆ ಏನೂ ಬದಲಾಗದಾದ್ದರಿಂದ ಫ್ಲೇರು ಮಾತ್ರ ದೃಶ್ಯಕ್ಕೆ ಸೇರುತ್ತದೆ. ಆದರೆ ಟಾರ್ಚು ಚಲಿಸಿದ ದಾರಿ ದೃಶ್ಯದ ದೀಪದ ದಾರಿಗೆ ಹೊಂದದಿದ್ದರೆ ಈ ಶ್ರಮವೂ ವ್ಯರ್ಥ.

ಇದರ ವಿಲೋಮವಾದ ಕೆಲಸ ಇನ್ನೂ ಕಠಿನ. ನಟನನ್ನು ಚಿತ್ರಿಸುವಾಗಲೇ ನಿಜವಾದ ಫ್ಲೇರು ಬಿದ್ದಿದ್ದು, ಅವನ ಪಕ್ಕಕ್ಕೆ ಗಣಕದಲ್ಲಿ ರಚಿಸಿದ ಪ್ರಾಣಿಯೊಂದನ್ನು ನಿಲ್ಲಿಸಬೇಕಾಯಿತೆನ್ನೋಣ. ಪ್ರಾಣಿ ವಸ್ತುವಿನ ಘಟ್ಟಕ್ಕೆ ಸೇರಿದುದು. ಫ್ಲೇರು ಮಸೂರದ ಘಟ್ಟದ್ದು. ಆದುದರಿಂದ ಮೊದಲು ಫ್ಲೇರನ್ನು ಅಂದಾಜಿನಿಂದ ಕಳೆದು, ಪ್ರಾಣಿಯನ್ನು ಇರಿಸಿ, ಕಳೆದ ಫ್ಲೇರನ್ನು ಮರಳಿ ಕೂಡಿಸಬೇಕು. ಪ್ರಕ್ಷಿಪ್ತಗಳನ್ನು ಬೇರ್ಪಡಿಸಿ ಮೂಲಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೆ ಇದು ಬಹಳ ದೂರದ್ದಲ್ಲ.

೬

ಈ ಶತಮಾನದ ಮೊದಲೆರಡು ದಶಕಗಳಲ್ಲಿ ಬೆಂಗಳೂರು ಇಂಥ ಕೆಲಸದ ದೊಡ್ಡ ಕೇಂದ್ರವಾಯಿತು. ಈ ಉದ್ಯಮಕ್ಕಾಗಿಯೇ ಕರ್ನಾಟಕ ಸರ್ಕಾರ ೨೦೧೨ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಆಸ್ಕರ್ ಪಡೆದ ‘ದಿ ಜಂಗಲ್ ಬುಕ್’ (೨೦೧೬), ಬಳಿಕ ‘ದಿ ಲಯನ್ ಕಿಂಗ್’ (೨೦೧೯) ಚಿತ್ರಗಳಿಗೆ ಎಂ. ಪಿ. ಸಿ. ಸಂಸ್ಥೆಯ ಬೆಂಗಳೂರು ಶಾಖೆಯವರು ದುಡಿದರು. ಎರಡನೆಯ ಚಿತ್ರದಲ್ಲಿ ಆರಂಭದ ಸೂರ್ಯೋದಯವೊಂದನ್ನು ಬಿಟ್ಟರೆ ಉಳಿದುದೆಲ್ಲ ಗಣಕದಲ್ಲಿ ರಚಿತವಾದುದು. ಎಂದರೆ ಅಲ್ಲಿ ಮಸೂರವೇ ಇರಲಿಲ್ಲ; ಮಸೂರದ ಗುಣದೋಷಗಳನ್ನೆಲ್ಲ ಅನುಕರಿಸಿ ಕೊಡಬೇಕಾಯಿತು. ಕನ್ನಡದ ‘ಕೆ. ಜಿ. ಎಫ್.’ (೨೦೧೮) ಚಿತ್ರವು ವಿಶೇಷ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿಯಲ್ಲಿ ಪಾಲು ಪಡೆಯಿತು. ೨೦೨೫ರ ಫೆಬ್ರವರಿಯಲ್ಲಿ ಎಂ. ಪಿ. ಸಿ.ಯ ಮಾತೃಸಂಸ್ಥೆ ಟೆಕ್ನಿಕಲರ್ ಕು಼ಸಿದಾಗ ಬೆಂಗಳೂರಿನ ಕಚೇರಿಯೂ ಮುಚ್ಚಿತು. ಸಾವಿರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು.

ಇದನ್ನು ಕೇವಲ ಉದ್ಯೋಗದ ಪ್ರಶ್ನೆಯೆಂದು ನಾವು ಭಾವಿಸುವುದಿಲ್ಲ. ಅದು ಜ್ಞಾನದ ಪ್ರಶ್ನೆಯೂ ಹೌದು. ಮೂರ್ತಿಯವರ ಎರಡು ಕನ್ನಡಿಗಳ ವಿಷಯ ನಮಗೆ ತಿಳಿದಿರುವುದು ಅವರು ದೀರ್ಘಾಯುಗಳಾಗಿ ಬಾಳಿ ಹೇಳಿದುದರಿಂದ, ಕೇಳಿದವರು ಬರೆದಿಟ್ಟುದರಿಂದ. ಒಂದು ಫ್ಲೇರನ್ನು ಕಳೆದು ಮತ್ತೆ ಕೂಡಿಸಲು ವಾರಗಟ್ಟಲೆ ಶ್ರಮಿಸಿದ ಬೆಂಗಳೂರಿನ ಕೆಲಸಗಾರನ ಹೆಸರು ಚಿತ್ರದ ಕೊನೆಯಲ್ಲಿ ನೂರಾರು ಹೆಸರುಗಳ ನಡುವೆ ಹರಿದುಹೋಗುತ್ತದೆ. ಅವನ ಕಡತಗಳು ಸಂಸ್ಥೆಯ ಸೊತ್ತು. ಸಂಸ್ಥೆ ಮುಚ್ಚಿದಾಗ ಅವನ ವಿದ್ಯೆ ಚದುರಿಹೋಗುತ್ತದೆ. ಉಳಿಯುವುದು ತಂತ್ರಾಂಶದಲ್ಲಿ ಸಿದ್ಧವಾಗಿ ದೊರೆಯುವ ಮಾದರಿಗಳು ಮಾತ್ರ. ಅವು ಫಲವನ್ನು ಕೊಡುತ್ತವೆ, ಕಾರಣವನ್ನು ಹೇಳುವುದಿಲ್ಲ.

ಇದರ ಪರಿಣಾಮ ಹಳೆಯ ಚಿತ್ರಗಳ ಮೇಲೆಯೂ ಆಗಬಹುದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಜೀರ್ಣೋದ್ಧಾರಗೊಂಡು ೨೦೨೪ರಲ್ಲಿ ವೆನಿಸ್ಸಿನಲ್ಲಿ ಪ್ರದರ್ಶಿತವಾದುದು ಸಂತೋಷದ ಸಂಗತಿ. ಇನ್ನೂ ಎಷ್ಟೋ ಕನ್ನಡ ಚಿತ್ರಗಳು ಅಂಥ ಉದ್ಧಾರಕ್ಕಾಗಿ ಕಾದಿವೆ. ಆ ಕೆಲಸದಲ್ಲಿ ಗೀರು, ಕಲೆ, ಬೂಷ್ಟುಗಳನ್ನು ತೊಡೆಯಬೇಕು. ಅವು ಚಿತ್ರ ತೆಗೆದ ಮೇಲೆ ಫಿಲ್ಮಿಗೆ ಹತ್ತಿದುವು. ಫ್ಲೇರು ಹಾಗಲ್ಲ, ಅದು ಚಿತ್ರ ತೆಗೆದ ಕ್ಷಣದಲ್ಲಿಯೇ ಮೂಡಿದುದು, ಆ ಹೊತ್ತಿನ ಬಿಸಿಲಿನ ಮತ್ತು ಆ ಮಸೂರದ ದಾಖಲೆ. ಅದನ್ನೂ ಕಲೆಯೆಂದು ಬಗೆದು ಒರಸಿದರೆ ಶಾಸನದ ಅಕ್ಷರವನ್ನೇ ಪಾಚಿಯೆಂದು ಉಜ್ಜಿ ಅಳಿಸಿದಂತಾಗುತ್ತದೆ. ಇದರ ಭೇದವನ್ನು ಯಂತ್ರ ತಾನಾಗಿ ಅರಿಯದು. ಯಾವ ಘಟನೆ ಯಾವ ಘಟ್ಟದ್ದೆಂದು ಬಲ್ಲ ಮನುಷ್ಯ ಬೇಕು.

ಆದುದರಿಂದ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಒಂದು ಸೂಚನೆಯನ್ನು ಮುಂದಿಡುತ್ತೇವೆ. ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಹಿರಿಯ ಛಾಯಾಗ್ರಾಹಕರನ್ನೂ, ಬೆಂಗಳೂರಿನ ಕಾಂಪೋಸಿಟಿಂಗ್ ಶಾಲೆಗಳಲ್ಲಿ ದುಡಿದ ಕಿರಿಯರನ್ನೂ ವಿದ್ಯಾರ್ಥಿಗಳು ಕಂಡು, ಯಾವ ಮಸೂರ, ಯಾವ ದೀಪ, ಯಾವ ಉಪಾಯ ಎಂಬ ಸಣ್ಣ ಸಣ್ಣ ವಿವರಗಳನ್ನು ಕೇಳಿ ಬರೆದಿಡಬೇಕು. ಊರಿನ ದೇವಾಲಯದ ಕೈಫಿಯತ್ತನ್ನು ಸಂಗ್ರಹಿಸುವಷ್ಟೇ ಶ್ರದ್ಧೆಯಿಂದ ಇದನ್ನೂ ಮಾಡತಕ್ಕುದು. ಎರಡು ಕನ್ನಡಿಗಳನ್ನು ಎಲ್ಲಿಟ್ಟರೆಂಬ ಒಂದು ಮಾತು ಅರವತ್ತು ವರ್ಷಗಳ ಮೇಲೂ ಕಲಿಯುವವನಿಗೆ ದಾರಿ ತೋರುತ್ತಿದೆ. ಅಂಥ ನೂರು ಮಾತುಗಳು ಇನ್ನೂ ಬರೆಯದೆ ಉಳಿದಿವೆ. ಅವನ್ನು ಹೇಳಬಲ್ಲವರು ನಮ್ಮ ನಡುವೆಯೇ ಇದ್ದಾರೆ.